ಮರ ಒಣಗುವ ತನಕ

ಇದು ಮೂರನೆಯ ಚಳಿಗಾಲ.
ಸಿಗ್ನೆಟ್ ಊರಿನ ಕೊನೆಯ ತಿರುವು, ಹಳೆಯ ಸೇಬಿನ ಶೆಡ್ಡು,
ನನ್ನ ಪಿಟೀಲು ಅಲ್ಲಿ ಇನ್ನೂ ಹಲಗೆಯಾಗಿಯೇ ಇದೆ.

"ಒಣಗಬೇಕು," ಅನ್ನುತ್ತಾನೆ ಲಾಕ್ಲನ್ ಥ್ರೆಲ್ಫಾಲ್,
ಬೆರಳ ಗೆಣ್ಣಿನಿಂದ ತಟ್ಟಿ, ಕಿವಿ ಹಚ್ಚಿ,
ಕಲ್ಲಂಗಡಿ ಕೊಳ್ಳುವವರ ಹಾಗೆ.
"ಒಳಗೆ ಇನ್ನೂ ನೀರು ಮಾತಾಡುತ್ತಿದೆ."

ಮೊದಲ ದಿನ ಅಳತೆ ತೆಗೆದುಕೊಂಡಿದ್ದ.
ನೆಲದ ಮೇಲೆ ಕೂತು ನುಡಿಸುವವಳು ನಾನು ಅಂದದ್ದಕ್ಕೆ
ಪಿಟೀಲಿನ ತಲೆ ಊರುವ ಬಲಗಾಲ ಹರಡಿಗೆ
ಚಪ್ಪಲಿ ಹೊಲಿಯುವವನಂತೆ ಟೇಪು ಸುತ್ತಿ ಬರೆದುಕೊಂಡ.
ಗಂಭೀರ ಮನುಷ್ಯ, ಅಂದುಕೊಂಡೆ. ಮುಂಗಡ ಕೊಟ್ಟೆ,
ಎರಡು ಹಂಗಾಮು ಚೆರ್ರಿ ವಿಂಗಡಿಸಿ ಕೂಡಿಟ್ಟ ದುಡ್ಡು.

ಆಮೇಲೆ ಹೋದಾಗಲೆಲ್ಲ ಬೇರೇನೋ.
ಒಮ್ಮೆ ಗಾಳಿಪಟ: ಬಿರುಕು ಬಿಟ್ಟ ಗಿಟಾರಿನ ಎದೆಹಲಗೆ ಸೀಳಿ ಕಡ್ಡಿ,
ಬಾಲಕ್ಕೆ ಕಟ್ಟದೆ ಉಳಿದ ಬಿಲ್ಲುಗಳು.
ಒಮ್ಮೆ ಇಲಿಬೋನು, ಬಾಗಿಲು ಬಿದ್ದರೆ ತಂತಿ ಮಿಡಿಯುವಂಥದ್ದು.
ಇಲಿ ಬೀಳಲಿಲ್ಲ. ಬಿದ್ದದ್ದು ಬೆಕ್ಕಿನ ಬಾಲ, ಅಚ್ಚುಕಟ್ಟು ಪಂಚಮದಲ್ಲಿ.
ಒಮ್ಮೆ ವ್ಯಾಟಲ್ ತೊಗಟೆ, ತುಕ್ಕು ಮೊಳೆ ಕುದಿಸಿದ ಕಪ್ಪು ಶಾಯಿ,
ಅದರಲ್ಲಿ ದೀಪಕ್ಕೆ ಬಂದು ಸತ್ತ ಪತಂಗಗಳ ಚಿತ್ರ,
ರೆಕ್ಕೆಗೊಂದು ಹಾಳೆ.
ಮೂಲೆಯಲ್ಲಿ ದೋಣಿ, ಒಂಬತ್ತು ವರ್ಷದಿಂದ,
ಬಾಗಿಲಿಗಿಂತ ಅಗಲ.
ಅದು ಅವನಿಗೂ ಗೊತ್ತು.

"ಕಸುಬು ಬಿಟ್ಟು ಇದೇನು?" ರೇಗಿದೆ ಒಂದು ಸಂಜೆ.
ಉಳಿ ಕೆಳಗಿಡದೆಯೇ ಹೇಳಿದ:
"ಮರ ತನ್ನ ಕೆಲಸ ಮಾಡುತ್ತಿದೆ.
ಕೈ ಖಾಲಿ ಬಿಟ್ಟರೆ ನೇರ ನಿನ್ನ ಹಲಗೆಗೇ ಬಾಯಿ ಹಾಕುತ್ತದೆ.
ಅದಕ್ಕೇ ಅದಕ್ಕಷ್ಟು ಮೇವು."

ನನಗೆ ಉತ್ತರ ಹೊಳೆಯಲಿಲ್ಲ.
ಹೊರಡುವಾಗ ಒಂದು ಸೌಟು ಕೊಟ್ಟ,
ಹ್ಯೂಯನ್ ಪೈನಿನ ಚೂರಿನದು, ಹಳೆ ಬೆಣ್ಣೆಯ ಬಣ್ಣ,
ಮೂಸಿದರೆ ಯಾರೋ ಪಕ್ಕದ ಕೋಣೆಯಲ್ಲಿ
ಏಲಕ್ಕಿ ಡಬ್ಬ ತೆರೆದ ಹಾಗೆ.

ಸಾರು ತಿರುವಿ ಪಾತ್ರೆಯ ಅಂಚಿಗೆ ತಟ್ಟಿದೆ.
ಬರೀ ಸದ್ದಲ್ಲ, ಸ್ವರ.
ಫ್ರಿಜ್ಜಿನ ಗುಂಯ್‌ಗುಡುವಿಕೆ ಷಡ್ಜವಾದರೆ ಇದು ಗಾಂಧಾರ,
ಕೂದಲೆಳೆಯಷ್ಟು ಇಳಿದದ್ದು. ಮತ್ತೆ ತಟ್ಟಿದೆ.
ಹೌದು, ಇಳಿದದ್ದೇ.
ಬೇಳೆ ತಳ ಹಿಡಿದದ್ದು ಆಮೇಲೆ ಗೊತ್ತಾಯಿತು.

ತಮಾಷೆಗೆಂದು ಹೇಳಿದೆ ಮರುವಾರ.
ಅವನು ನಗಲಿಲ್ಲ. ಪತಂಗಗಳನ್ನೆಲ್ಲ ಸರಿಸಿ
ಇಡೀ ಮಧ್ಯಾಹ್ನ ಆ ಸೌಟಿನ ತುದಿ ಹೆರೆದ,
ತಟ್ಟಿದ, ಹೆರೆದ, ತಟ್ಟಿದ,
ಹಿಡಿಯಿಂದ ಎರಡು ಬೆರಳು ಕುಯ್ದ,
ಮತ್ತೆರಡು ಬೆರಳು,
ಕಣ್ಣು ಮುಚ್ಚಿಕೊಂಡೇ ನನ್ನತ್ತ ಚಾಚಿದ.

ಈಗ ಗಾಂಧಾರ ಚೊಕ್ಕ ನಿಲ್ಲುತ್ತದೆ.
ಸೌಟು ಮಾತ್ರ ತಳ ಮುಟ್ಟುವುದಿಲ್ಲ,
ಬೆರಳಿಗೆಲ್ಲ ಹಬೆ.
ಅಡಿ ಹಿಡಿದ ಸಾರು ಉಣ್ಣುತ್ತ ಲೆಕ್ಕ ಹಾಕುತ್ತೇನೆ:
ಹಲಗೆಗೆ ಇನ್ನೆಷ್ಟು ಬೇಸಗೆ ಬೇಕು,
ಆ ಬಾಗಿಲ ಪಕ್ಕದ ಗೋಡೆ ಕೆಡವಲು
ಎಷ್ಟು ಜನ.