ಹಲಗೆಗೆ ಹಿಡಿಸದ್ದು

ಸ್ಟೇಷನ್ನಿನ ಪಕ್ಕ ಒಂದು ಹಲಗೆ ನೆಡುತ್ತಾರಂತೆ.
ಊರಿನ ಭೂಗೋಳ, ಚರಿತ್ರೆ: ಎಂಬತ್ತು ಪದ, ಮೂರು ಭಾಷೆ.
ನಲವತ್ತು ವರ್ಷ ಊರ ಕಚೇರಿಯ ಲೆಕ್ಕ ಬರೆದವಳು,
ನೀನೇ ಬರಿ ಅಲೋದಿ, ಅಂದರು.
ಬರೆದೆ.
ಊರು: ರಿವಾನ್. ಜನ: ಮುನ್ನೂರ ಹದಿನೇಳು.
ನೀರಿನಿಂದ ಕೊನೆಯ ಗೋಡೆಗೆ ಇನ್ನೂರ ಹತ್ತು ಮೀಟರು ಏರು.
ದ್ರಾಕ್ಷಿ: ಶಾಸ್ಲಾ.
ಪದ ಮುಗಿದವು.
ಉಳಿದದ್ದು ಇಲ್ಲಿದೆ.

ಮೇಲೊಂದು ಗೋಡೆ, ಕೆಳಗೊಂದು ಗೋಡೆ,
ನಡುವೆ ಒಂದು ಮಂಚದಗಲ ಮಣ್ಣು. ಇಷ್ಟೇ ನಮ್ಮ ನೆಲ.
ಜೋರು ಮಳೆಗೆ ಅದೂ ನಿಲ್ಲದೆ ಇಳಿದು ಹೋಗಿ
ಕೆಳಗಿನವನ ಗೋಡೆಗೆ ಒರಗಿ ಕೂರುತ್ತದೆ.
ಚಳಿಗಾಲದಲ್ಲಿ ಬುಟ್ಟಿಗೆ ತುಂಬಿ, ಬೆನ್ನಿಗೇರಿಸಿ,
ಮೆಟ್ಟಿಲು ಎಣಿಸುತ್ತ ಮತ್ತೆ ಮೇಲಕ್ಕೆ.
ಈ ಮಣ್ಣಿಗೆ ನಮ್ಮ ಬೆನ್ನು ಗೊತ್ತು, ಅನ್ನುತ್ತಿದ್ದ ಅಪ್ಪ ಉಲಿಸ್,
ಮುಖ ನೋಡುವುದು ಕಡೆಗೊಮ್ಮೆ.

ಮೊದಲ ಗೋಡೆ ಕಟ್ಟಿದವರು ಬಿಳಿ ನಿಲುವಂಗಿಯ ಸನ್ಯಾಸಿಗಳು.
ಮೌನವ್ರತದವರು,
ಅದಕ್ಕೇ ಕಲ್ಲು ಕಲ್ಲಿಗೆ ಜಗಳವಿಲ್ಲದೆ ಕೂತಿತು
ಅಂತ ಊರಿನ ಹಳೆ ನಗೆ.
ಆಮೇಲೆ ಬರ್ನಿನ ದೊರೆಗಳು ಬಂದರು.
ಇಗರ್ಜಿಯ ಗೋಡೆಯ ಸಂತರಿಗೆಲ್ಲ ಸುಣ್ಣ ಬಳಿಸಿದರು,
ಹತ್ತರಲ್ಲೊಂದು ಪೀಪಾಯಿ ಕೇಳುವ ರೂಢಿಗೆ ಮಾತ್ರ
ಸುಣ್ಣ ತಾಗಲಿಲ್ಲ.
ಹಳೆ ಉಗ್ರಾಣದ ಬಾಗಿಲ ಮೇಲೆ ಅವರ ಕರಡಿ ಇನ್ನೂ ಇದೆ.
ಒಂದು ಪಂಜ ಉದುರಿದೆ.
ಆ ತೂತಿನಲ್ಲಿ ಕಣಜ ಗೂಡು ಕಟ್ಟಿದೆ.

ಮುತ್ತಜ್ಜನ ಕಾಲಕ್ಕೆ ಬೇರಿಗೆ ಹೇನು ಬಿತ್ತು,
ಸಾಸಿವೆಗಿಂತ ಸಣ್ಣದು, ಅಮೆರಿಕದಿಂದ ಹಡಗೇರಿ ಬಂದದ್ದು.
ಬಳ್ಳಿ ಕಿತ್ತು ಮೆಟ್ಟಿಲ ಮೇಲೆ ರಾಶಿ ಹಾಕಿ ಸುಟ್ಟರು.
ಮದ್ದೂ ಅಲ್ಲಿಂದಲೇ ಬಂತು:
ಅಮೆರಿಕದ ಬೇರಿಗೆ ನಮ್ಮ ಕಡ್ಡಿ ಕಸಿ.
'ಅಪ್ಪಟ ಸ್ಥಳೀಯ ತಳಿ' ಅಂತ ಹಲಗೆಯಲ್ಲಿ ಹಾಕಿ
ಅನ್ನುತ್ತಾರೆ ಪ್ರವಾಸ ಕಚೇರಿಯ ಹುಡುಗರು.
ಹಾಕಿದೆ. ನೆಲದ ಕೆಳಗೆ ಯಾರು ಬಗ್ಗಿ ನೋಡುತ್ತಾರೆ?

ಅಜ್ಜಿ ಝೆಲಿಯೂ ಕಸಿಯೇ.
ಎದುರು ದಡದ ಸವೋಯ್‌ನಿಂದ
ಮೇ ತಿಂಗಳಲ್ಲಿ ದೋಣಿ ತುಂಬ ಹುಡುಗಿಯರು ಬರುತ್ತಿದ್ದರು,
ಎಲೆ ಚಿವುಟಿ ಗೊಂಚಲಿಗೆ ಬಿಸಿಲು ಬಿಡಿಸಲು.
ಐದು ವಾರದ ಕೂಲಿ, ಜೊತೆಗೊಂದು ಜೊತೆ ಬೂಟು.
ಹದಿನೇಳಕ್ಕೆ ಬಂದವಳು ನಲವತ್ತೊಂಬತ್ತು ವರ್ಷ ಇದ್ದಳು.
ಸಂಜೆ ಪಾತ್ರೆ ತೊಳೆದು ಗೋಡೆಯ ಮೇಲೆ ಕೂತು
ತವರಲ್ಲಿ ದೀಪ ಹಚ್ಚಿದರೇ ನೋಡುವಳು.
ಅವರಿಗೆ ನಿನ್ನ ದೀಪ ಕಾಣುತ್ತದಾ ಅಂತ ಕೇಳಿದ್ದೆ.
ಎಣ್ಣೆ ದಂಡ ಅಂತ ನಿನ್ನಜ್ಜ ಬೇಗ ಆರಿಸುತ್ತಾನೆ, ಅಂದಿದ್ದಳು.

ಯುದ್ಧದಲ್ಲಿ ಎರಡೂ ದಡಕ್ಕೆ ದೀಪವಿಲ್ಲ.
ಆಗಲೂ ಕೂರುತ್ತಿದ್ದಳಂತೆ.
ಒಂದು ರಾತ್ರಿ ನೀರ ಮೇಲೆ ಹುಟ್ಟಿನ ಸದ್ದು.
ಬೆಳಗ್ಗೆ ನಮ್ಮ ನೆಲಮಾಳಿಗೆಯಲ್ಲಿ, ಪೀಪಾಯಿಗಳ ಸಂದಿಯಲ್ಲಿ,
ಕಂಬಳಿ ಹೊದ್ದ ಇಬ್ಬರು ಮಕ್ಕಳು.
ಯಾರವರು, ಎಲ್ಲಿಗೆ ಹೋದರು,
ಯಾವ ಕಾಗದದಲ್ಲೂ ಇಲ್ಲ.
ಹುಡುಕಿದ್ದೇನೆ.
ಹಾಲಿನ ಪಡಿತರದ ಹಳೆ ಪುಸ್ತಕದಲ್ಲಿ ಮಾತ್ರ
ಆ ನವೆಂಬರಿನಲ್ಲಿ ನಮ್ಮ ಮನೆಗೆ
ದಿನಕ್ಕೆ ಒಂದು ಲೀಟರು ಹೆಚ್ಚು.
ಬರೆದ ಗುಮಾಸ್ತನ ಕೈ ನಡುಗಿಲ್ಲ.
ಕಾರಣದ ಕಲಮಿನಲ್ಲಿ ಒಂದು ಅಡ್ಡಗೀಟು, ನೇರ, ಸ್ಕೇಲಿಟ್ಟು ಎಳೆದದ್ದು.
ಈ ಊರಿನ ಚರಿತ್ರೆ ಬರೆ ಅಂದರೆ
ನಾನು ಆ ಗೀಟನ್ನು ಎಳೆದು ಕೊಡುತ್ತಿದ್ದೆ.

ಮೂರು ಸೂರ್ಯರ ಊರು ಅಂತ ಹಲಗೆಯಲ್ಲಿ ದಪ್ಪಕ್ಷರ:
ಒಬ್ಬ ಆಕಾಶದವನು, ಒಬ್ಬ ನೀರಿನಿಂದ ಪುಟಿಯುವವನು,
ಒಬ್ಬ ಗೋಡೆಯೊಳಗೆ ಕೂತು ರಾತ್ರಿಯೆಲ್ಲ ಬಳ್ಳಿಗೆ ಬೆಚ್ಚಗಿಡುವವನು.
ಸುಳ್ಳಲ್ಲ.
ಮೂವರೂ ಸೇರಿ ನನ್ನ ಮೊಣಕಾಲು ಮಾತ್ರ
ವಾಸಿ ಮಾಡಲಿಲ್ಲ.

ಮಾರ್ಚಿನಲ್ಲಿ ನಮ್ಮ ಮೂರನೆಯ ಗೋಡೆ ಹೊಟ್ಟೆಬಿಟ್ಟು ಕುಸಿಯಿತು.
ಪೋರ್ಚುಗಲ್ಲಿನ ಅಬಿಲಿಯೊ ಕಟ್ಟಿಕೊಡುತ್ತಿದ್ದಾನೆ.
ಕಲ್ಲನ್ನು ಕೈಯಲ್ಲಿ ಎರಡು ಸಲ ತಿರುಗಿಸುತ್ತಾನೆ,
ಮೂರನೆಯ ಸಲಕ್ಕೆ ಅದು ಕೂತಿರುತ್ತದೆ.

ಹಲಗೆ ನೆಟ್ಟು ಹತ್ತು ದಿನ.
ನಿನ್ನೆ ಆಲಿಕಲ್ಲು ಬಿದ್ದ ಮೇಲೆ ಹೋಗಿ ನೋಡಿದೆ:
ನೀರಿನ ಕಡೆಗೆ ಎರಡು ಬೆರಳು ಜಾರಿದೆ.
ಅಬಿಲಿಯೊಗೆ ಹೇಳಬೇಕು,
ಬುಡಕ್ಕೊಂದು ಕಲ್ಲು ಕೊಡಪ್ಪ ಅಂತ.