ಮೀನಿನ ಹೆಜ್ಜೆ

ಮೀನಿನ ಹೆಜ್ಜೆ ಕಂಡವರುಂಟೆ, ಎಂದು ಕೇಳುತ್ತಾರೆ.
ನಾನು ಕಂಡಿದ್ದೇನೆ.
ಸೀಮೆಸುಣ್ಣದಲ್ಲಿ ಗೀಟು ಹಾಕಿ
ಅಳತೆ ಬರೆದಿಟ್ಟುಕೊಂಡಿದ್ದೇನೆ.

ಮೇನ್ ಕರಾವಳಿಯ ಗ್ರಿಂಡಲ್ ಕೋವ್‌ನಲ್ಲಿ
ಜೋಡು ಹೊಲಿಯುವವ ನಾನೊಬ್ಬನೇ.
ಗೋಡೆಗೆ ಸಾಲಾಗಿ ಮರದ ಕಾಲಚ್ಚು,
ಹಿಮ್ಮಡಿಯಲ್ಲಿ ಕೊರೆದ ಹೆಸರು.

ಮೊದಲು ಬಂದವನು ಎಫ್ರೇಮ್ ಸ್ಟಿಲ್‌ವೆಲ್, ಕಾಡ್ ಮೀನಿನವ.
"ಬೆರಳ ಹತ್ತಿರ ಬಿಗಿ" ಎಂದ.
ಅಚ್ಚಿಗೆ ಚರ್ಮ ಸುತ್ತಿ ಅಗಲ ಮಾಡಿದೆ.
ಮುಂದಿನ ಚಳಿಗೆ ಮತ್ತೆ ಬಂದ. ಮತ್ತೆ ಬಿಗಿ.
ಕಾಲುಚೀಲ ಕಳಚಿದರೆ ಬೆರಳ ನಡುವೆ
ದೀಪಕ್ಕೆ ಹಿಡಿದ ಈರುಳ್ಳಿ ಸಿಪ್ಪೆಯಂಥದ್ದು.
ನಾನೇನೂ ಕೇಳಲಿಲ್ಲ. ಕಾಸು ಎಣಿಸಿ ಕೊಟ್ಟ,
ಕಾಸು ಒದ್ದೆ.

ಆಮೇಲೆ ಶಾಲೆಯ ಪ್ರೂಡೆನ್ಸ್ ಹ್ಯಾಸ್ಕಲ್,
ಒಮ್ಮೆಯೂ ರೆಪ್ಪೆ ಹೊಡೆಯದೆ
ಮಕ್ಕಳಿಗೆ ಮಗ್ಗಿ ಬರುವುದಿಲ್ಲವೆಂದು ದೂರಿದಳು.
ಕೊರಳಪಟ್ಟಿಯೊಳಗೆ ಏನೋ ತೆರೆಯಿತು, ಮುಚ್ಚಿತು,
ತೆರೆಯಿತು.

ಆಮೇಲೆ ನನ್ನ ಹೆಂಡತಿ.

ಡೋರ್ಕಸ್ ಈ ಊರಿನವಳು, ನಾನು ವರ್ಮಾಂಟಿನ ಗುಡ್ಡದವ.
ಉಪ್ಪು ಹೆಚ್ಚೆಂದು ನಾನು, ಸಪ್ಪೆಯೆಂದು ಅವಳು,
ಹದಿನೇಳು ವರ್ಷ ಇದೇ ಜಗಳ.
ಒಂದು ರಾತ್ರಿ ಅವಳ ಪಾದ ತೊಡೆಯ ಮೇಲಿಟ್ಟುಕೊಂಡು
ಅಳತೆಪಟ್ಟಿ ಸುತ್ತಿದೆ. ಪಟ್ಟಿ ಸಾಲಲಿಲ್ಲ.
"ಕೆಳಗೊಬ್ಬನಿದ್ದಾನೆ," ಎಂದಳು, ನಾಳೆ ಗಾಳಿ ಬರುತ್ತದೆ ಎನ್ನುವಂತೆ,
"ಇನ್ನೂ ಮಗ್ಗುಲು ಬದಲಿಸಿಲ್ಲ.
ನೀವು ಕಡಲೆನ್ನುವುದು ಅವನ ಕಣ್ಣಂಚಿನ ಪಿಸುರು.
ಕಣ್ಣುಜ್ಜಿಕೊಳ್ಳುವ ಮೊದಲು ನಾವು ಇಳಿದಿರಬೇಕು."
"ನಾನು?" ಎಂದೆ.
ನನ್ನ ಹಿಮ್ಮಡಿಯ ಒಣ ಬಿರುಕುಗಳನ್ನು ಸವರಿದಳು,
ಅಯ್ಯೋ ಪಾಪ ಎನ್ನುವಂತೆ.

ಈಗ ಬಂದರಿನ ಕಲ್ಲುಮೆಟ್ಟಿಲ ಮೇಲೆ
ನಲವತ್ತೊಂದು ಜೊತೆ, ಮೂತಿ ಕಡಲಿಗೆ.
ಯಾವ ಮನೆಯಲ್ಲೂ ಒಲೆ ಹೊತ್ತುವುದಿಲ್ಲ.
ಚರ್ಚಿನ ಗಂಟೆಯನ್ನು ಗಾಳಿಯೇ ಬಾರಿಸುತ್ತದೆ, ಹೊತ್ತು ಗೊತ್ತಿಲ್ಲದೆ.
ದಿನವೂ ಹೋಗಿ ಮರಳು ಕೊಡವಿ
ಎಣ್ಣೆ ಸವರಿ ಬರುತ್ತೇನೆ. ಚರ್ಮ ಒಡೆಯಬಾರದಲ್ಲ,
ಹೊಲಿಗೆ ನನ್ನದು.

ಇವತ್ತು ಬೆಳಗ್ಗೆ ಮಂಜು.
ನಲವತ್ತು ಜೊತೆ ಕಡಲಿಗೆ.
ಡೋರ್ಕಸ್‌ಳದು ಮಾತ್ರ ಊರ ಕಡೆ ತಿರುಗಿತ್ತು,
ಒಳಗಿನ ನೀರು ಇನ್ನೂ ಬೆಚ್ಚಗಿತ್ತು.

ಮೆಟ್ಟಿಲಿಂದ ನನ್ನ ಅಂಗಡಿಯವರೆಗೆ ಒದ್ದೆ ಗುರುತು,
ಹೋದದ್ದುಂಟು, ಮರಳಿದ್ದಿಲ್ಲ.
ಕಾಗದ ಹಾಸಿ ಗೀಟು ಹಾಕಹೋದೆ.
ಕಾಗದ ಸಾಲಲಿಲ್ಲ. ಎರಡು ಹಾಸಿದೆ. ನಾಲ್ಕು.
ಇದು ಅವಳ ಅಳತೆಯಲ್ಲ,
ನನ್ನ ಗೋಡೆಯಲ್ಲಿ ಯಾರದೂ ಅಲ್ಲ.

ಬಾಗಿಲು ಅರ್ಧ ತೆರೆದಿದೆ. ಒಳಗೆ ಯಾರೋ
ಕಾಲಚ್ಚುಗಳನ್ನು ಒಂದೊಂದಾಗಿ
ಮೊಳೆಯಿಂದ ಇಳಿಸುತ್ತಿರುವ ಸದ್ದು.