ಹೊಟ್ಟು

ಮಂಡಕ್ಕಿ ಮುಗಿದ ಮೇಲೆ
ಪೊಟ್ಟಣದ ಕಾಗದ ಓದುವುದು ನನ್ನ ಚಟ.
ಎಣ್ಣೆ ಇಳಿದ ಕಡೆ ಹಿಂದಿನ ಪುಟದ ಜಾಹೀರಾತೂ ಕಾಣುತ್ತದೆ,
ಅದನ್ನು ದಾಟಿ ದಾಟಿ ಓದಬೇಕು.
ಸಂಕ್ರಾಂತಿ ಮುಗಿದು ನಾಲ್ಕು ದಿನ. ಐಸಿಗೆ ಗಿರಾಕಿ ಇಲ್ಲ.

ನಿನ್ನೆ ಸಿಕ್ಕಿದ್ದು ಉತ್ತರ ಧ್ರುವ.
ಸಮುದ್ರದ ಮೇಲಿನ ಮಂಜುಗಡ್ಡೆ ವರ್ಷವರ್ಷಕ್ಕೆ ತೆಳ್ಳಗಾಗುತ್ತಿದೆಯಂತೆ.
ಕೆಲವರು ಹೋಗಿ, ತೂತು ಕೊರೆದು, ಪಂಪು ಇಳಿಬಿಟ್ಟು
ಕೆಳಗಿನ ನೀರನ್ನು ಮೇಲೆ ಹರಿಯಬಿಡುತ್ತಾರಂತೆ.
ಬೆಳಗಾಗುವುದರೊಳಗೆ
(ಅಲ್ಲಿ ಬೆಳಗೇ ಇಲ್ಲ ಈ ತಿಂಗಳು)
ಅದು ಕಲ್ಲಾಗುತ್ತದಂತೆ.

ನಕ್ಕೆ.
ಇಪ್ಪತ್ತಾರು ವರ್ಷವಾಯಿತು, ಹೊಂಡದ ಸರ್ಕಲ್ಲಿನ ಹಿಂದೆ
ಈ ಫ್ಯಾಕ್ಟರಿಯ ರಾತ್ರಿಪಾಳಿ ನನ್ನದು.
ನಾನು ಬಲ್ಲ ಉಪ್ಪುನೀರು ಹೆಪ್ಪುಗಟ್ಟುವುದಿಲ್ಲ.
ಸಿಹಿನೀರಿನ ಡಬ್ಬಗಳನ್ನು ಕೊರಳವರೆಗೆ ಮುಳುಗಿಸಿಕೊಂಡು
ಅವನ್ನೆಲ್ಲ ಗಟ್ಟಿ ಮಾಡಿ
ತಾನು ಮಾತ್ರ ಸುತ್ತುತ್ತಲೇ ಇರುತ್ತದೆ.
ಅದೇ ಗಟ್ಟಿಯಾದ ದಿನ ನನ್ನ ಕೆಲಸ ಹೋಯಿತೆಂದು ಅರ್ಥ.

ಆಮೇಲೆ ಒಂದು ಸಾಲು ಬಂತು.
ಅಡ್ಡಿಯಾಗಿರುವುದು ಹಿಮವಂತೆ.
ಗಡ್ಡೆಯ ಮೇಲೆ ಬಿದ್ದ ಪುಡಿಹಿಮ
ಕಂಬಳಿಯ ಹಾಗೆ ಕೂತು
ಮೇಲಿನ ಚಳಿ ಕೆಳಗಿಳಿಯದಂತೆ ಕಾಯುತ್ತದಂತೆ.
ಅದನ್ನು ನೆನೆಸಿ ಗಟ್ಟಿ ಮಾಡಿಬಿಟ್ಟರೆ
ಚಳಿಗೆ ದಾರಿಯಾಗಿ
ಗಡ್ಡೆ ತಳದಿಂದ ತಾನೇ ಬೆಳೆಯುತ್ತದಂತೆ.

ನಗು ನಿಂತಿತು.
ಹೊಟ್ಟು, ಅಂದೆ.
ನಾನು ಗಡ್ಡೆಗಳ ಮೇಲೆ ಬುಟ್ಟಿಬುಟ್ಟಿ ಸುರಿಯುವ ಭತ್ತದ ಹೊಟ್ಟು.
ಆಜಾದ್ ನಗರದ ಖಾಸಿಂಬಿಯ ಭಟ್ಟಿಗೂ ಇದೇ ಲಾರಿಯಿಂದ ಇಳಿಯುತ್ತದೆ.
ಅಲ್ಲಿ ಉರಿದು, ಮರಳು ಕಾಯಿಸಿ, ಅಕ್ಕಿ ಅರಳಿಸುತ್ತದೆ,
ಇಲ್ಲಿ ಉರಿಯದೆ ಕೂತು ಬಿಸಿಲು ತಡೆಯುತ್ತದೆ.
ಧ್ರುವದಲ್ಲಾದರೆ
ಮೊದಲು ತೊಲಗಿಸಬೇಕಾದ್ದೇ ಅದನ್ನು.

ಖಾಸಿಂಬಿಗೆ ಹೇಳಿದೆ. ಜರಡಿ ಕೊಡವುತ್ತ ಕೇಳಿದಳು:
'ಎಷ್ಟು ಅಗಲ ಐತೆ ಕೊಟ್ರೇಶಣ್ಣ, ಆ ಸಮುದ್ರ?'
'ಭಾಳ.'
'ಪಂಪು?'
'ಒಂದೆರಡು. ಇನ್ನೂ ಟೆಸ್ಟಿಂಗು.'
'ಕರೆಂಟು?'
ಕಾಗದ ಅಲ್ಲಿಗೆ ಹರಿದಿತ್ತು.

ನನಗೂ ಕರೆಂಟಿನದೇ ಯೋಚನೆ.
ಕಂಪ್ರೆಸರು ಇಡೀ ರಾತ್ರಿ ಡಬ್ಬಗಳಿಂದ ಕಿತ್ತ ಶಾಖ
ಮಾಯವಾಗುವುದಿಲ್ಲ, ಗೋಡೆಯಾಚೆ ಗಲ್ಲಿಗೆ ಬೀಳುತ್ತದೆ.
ಅಲ್ಲಿ ಹಾಲಮ್ಮನ ಕಿಟಕಿ
ಬೇಸಿಗೆಯಲ್ಲಿ ತೆರೆದಿದ್ದು ನಾನು ಕಂಡಿಲ್ಲ.
ಗಡ್ಡೆಗೆ ರಸೀದಿ ಹರಿಯುತ್ತೇನೆ,
ಅವಳಿಗೆ ಕೊಟ್ಟಿದ್ದಕ್ಕೆ ಯಾವ ಪುಸ್ತಕದಲ್ಲೂ ಲೆಕ್ಕವಿಲ್ಲ.
ಎದುರು ಸಿಕ್ಕರೆ ಇಬ್ಬರೂ ಮಳೆಯ ಮಾತಾಡುತ್ತೇವೆ.

ರಾತ್ರಿ ಎರಡಕ್ಕೆ ಶಟರ್ ಬಡಿದರು.
ಚೌಕಿಪೇಟೆ ಕಡೆಯವರು. ತಾಯಿ ಹೋಗಿದ್ದಾರೆ,
ಅಕ್ಕ ಸೊಲ್ಲಾಪುರದಿಂದ ಹೊರಟಿದ್ದಾಳೆ, ಗಡ್ಡೆ ಬೇಕು.
ಇಂಥ ಗಿರಾಕಿಯನ್ನು ನಾನು ಕೇಳುವುದು ಒಂದೇ:
ಬರೋರು ಎಷ್ಟೊತ್ತಿಗೆ ಬರ್ತಾರೆ?
ಗಡ್ಡೆ ಎಷ್ಟು, ಹೊಟ್ಟು ಎಷ್ಟು,
ಎಲ್ಲ ಲೆಕ್ಕ ಅದರ ಮೇಲೆ.
ಐಸಿನ ಕೆಲಸ ಅಷ್ಟೇ, ಬಸ್ಸು ತಲುಪುವ ತನಕ.
ನಾಲ್ಕು ಸಾಕು ಅಂದೆ. ಐದು ಹೇರಿಸಿದೆ,
ವಿಜಾಪುರದ ಹತ್ತಿರ ರಸ್ತೆ ಕೆಟ್ಟಿದೆ ಅಂತ ಕೇಳಿದ್ದೆ.

ಗಾಡಿ ಹೋದ ಮೇಲೆ ನೆಲದಲ್ಲೊಂದು ಚೂರು ಉಳಿದಿತ್ತು.
ಗೊತ್ತಿದ್ದೂ, ಅದರ ಮೇಲೆ ಒಂದು ಚೊಂಬು ನೀರು ಹೊಯ್ದೆ.
ಚಟ್ಟನೆ ಸೀಳಿತು. ಮೂಲೆ ಸವೆಯಿತು.
ಒಳಗಿನ ಬಿಳಿ ತಿರುಳು ಸ್ವಲ್ಪ ಹೊತ್ತು ಹಟ ಹಿಡಿದು
ಅದೂ ಚರಂಡಿಯ ಕಡೆ ಹೊರಟಿತು.

ಅಲ್ಲಿ ಯಾರೋ ಈಗ
ದಪ್ಪ ಕೈಗವಸು ಹಾಕಿಕೊಂಡು
ಪೈಪು ಹಿಡಿದು ನಿಂತಿರಬೇಕು, ಕತ್ತಲಲ್ಲಿ.
ನನ್ನ ಹಾಗೆಯೇ ಪಂಪಿನ ಸದ್ದಿಗೆ ಒಂದು ಕಿವಿ ಕೊಟ್ಟು.
ಅವನ ಭಾಷೆ ನನಗೆ ಬರುವುದಿಲ್ಲ,
ಬಂದರೆ ಕೇಳುತ್ತಿದ್ದೆ:
ಬರೋರು ಹೊರಟರೇನಪ್ಪ?
ಎಲ್ಲೀತನಕ ಬಂದಾರೆ?